ಲಿಯೊನಾರ್ಡೊ ಬರೆದ ಯಂತ್ರಗಳಲ್ಲಿ ತಿರುಗಿದ್ದೆಷ್ಟು?

ಹೆಲಿಕಾಪ್ಟರ್ ಕಂಡುಹಿಡಿದವನು ಯಾರು? ಟ್ಯಾಂಕ್? ಪ್ಯಾರಾಚೂಟ್? ಸೈಕಲ್? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ, ಬೆಳಗಾಗುತ್ತಲೇ ಬರುವ ವಾಟ್ಸ್ಆ್ಯಪ್ ಫಾರ್ವರ್ಡ್‌ಗಳಲ್ಲಿ ಈ ನಾಲ್ಕಕ್ಕೂ ಒಂದೇ ಹೆಸರು ಸಿಗುತ್ತದೆ: ಲಿಯೊನಾರ್ಡೊ ಡ ವಿಂಚಿ. ಮೊನಾಲಿಸಾ ಬರೆದವನೇ ಇವನ್ನೆಲ್ಲ ಕಂಡುಹಿಡಿದ, ಐನೂರು ವರ್ಷ ಮುಂದಿದ್ದ, ಅವನ ಕಾಲದವರಿಗೆ ಅವನು ಅರ್ಥವಾಗಲಿಲ್ಲ ಎಂಬ ಒಕ್ಕಣೆ ಎಲ್ಲ ಕಡೆಯೂ ಒಂದೇ. ಡಿಪ್ಲೊಮಾ ತರಗತಿಯಲ್ಲಿ ನಮಗೆ ಹೇಳಿಕೊಟ್ಟಿದ್ದ ಒಂದು ಪಾಠ, ಎಲ್ಲರೂ ಹೇಳುವುದನ್ನೇ ಮೊದಲು ಪರಿಶೀಲಿಸಬೇಕು ಎಂಬುದು. ಹಾಗೆ ಪರಿಶೀಲಿಸುತ್ತ ಹೋದರೆ ಲಿಯೊನಾರ್ಡೊ ಸಣ್ಣವನಾಗುವುದಿಲ್ಲ. ಆದರೆ ನಾವು ಅವನನ್ನು ಹೊಗಳುತ್ತಿರುವುದು ಬಹುಪಾಲು ತಪ್ಪು ಕಾರಣಗಳಿಗೆ ಎಂಬುದು ಗೊತ್ತಾಗುತ್ತದೆ.

ಸೈಕಲ್‌ನಿಂದಲೇ ಶುರು ಮಾಡೋಣ. ಮಿಲಾನ್ ನಗರದ ಆಂಬ್ರೋಸಿಯಾನಾ ಗ್ರಂಥಾಲಯದಲ್ಲಿ ಲಿಯೊನಾರ್ಡೊನ ಹಾಳೆಗಳ ದೊಡ್ಡ ಸಂಗ್ರಹವಿದೆ. ಅದರ ಹೆಸರು ಕೋಡೆಕ್ಸ್ ಅಟ್ಲಾಂಟಿಕಸ್. ಅವನು ಸತ್ತು ಸುಮಾರು ಏಳು ದಶಕಗಳ ನಂತರ ಪೊಂಪೆಯೊ ಲಿಯೊನಿ ಎಂಬ ಶಿಲ್ಪಿ ಬಿಡಿಹಾಳೆಗಳನ್ನು ಕತ್ತರಿಸಿ ದೊಡ್ಡ ಪುಟಗಳಿಗೆ ಅಂಟಿಸಿದ್ದ. 1960ರ ದಶಕದಲ್ಲಿ ದುರಸ್ತಿಗೆಂದು ಆ ಅಂಟು ಬಿಡಿಸಿದರು. ಒಂದು ಹಾಳೆಯ ಹಿಂಬದಿಯಲ್ಲಿ ಎರಡು ಚಕ್ರ, ಪೆಡಲ್, ಚೈನ್ ಎಲ್ಲ ಇರುವ, ಶಾಲೆ ಹುಡುಗರು ಬರೆಯುವಂಥ ಸೈಕಲ್ ಚಿತ್ರ ಕಾಣಿಸಿತು. 1974ರಲ್ಲಿ ಪುಸ್ತಕದಲ್ಲಿ ಅಚ್ಚಾಗಿ ಲೋಕವೆಲ್ಲ ಬೆರಗಾಯಿತು. ಆದರೆ ಅಂಟು ಬಿಡಿಸುವ ಮೊದಲೇ, 1961ರಲ್ಲಿ, ಕಾರ್ಲೊ ಪೆಡ್ರೆಟ್ಟಿ ಎಂಬ ವಿದ್ವಾಂಸ ಆ ಹಾಳೆಯನ್ನು ಬಲವಾದ ಬೆಳಕಿಗೆ ಹಿಡಿದು ನೋಡಿದ್ದರು. ಅವರಿಗೆ ಕಂಡದ್ದು ಎರಡು ವೃತ್ತ, ಕೆಲವು ಗೆರೆ. ಸೈಕಲ್ ಕಂಡಿರಲಿಲ್ಲ. ಮಿಕ್ಕಿದ್ದನ್ನು ಯಾರೋ ಆಮೇಲೆ ಸೇರಿಸಿದ್ದಾರೆ ಎಂದು ಇವತ್ತು ಬಹುತೇಕ ಇತಿಹಾಸಕಾರರು ಒಪ್ಪುತ್ತಾರೆ. ಸೈಕಲ್‌ನ ಮುತ್ತಜ್ಜನಂಥ ಎರಡು ಚಕ್ರದ ಗಾಡಿಯನ್ನು ಜರ್ಮನಿಯ ಕಾರ್ಲ್ ಡ್ರೈಸ್ ಓಡಿಸಿದ್ದು 1817ರಲ್ಲಿ, ಅದಕ್ಕೂ ಪೆಡಲ್ ಇರಲಿಲ್ಲ. ಕಾಲಿನಿಂದ ನೆಲ ಒದ್ದುಕೊಂಡು ಹೋಗಬೇಕಿತ್ತು.

ಒಂದು ತಲೆಗೆ ಇಷ್ಟೊಂದು ಕಿರೀಟ ತೊಡಿಸುವ ಚಪಲ ಎಲ್ಲಿಂದ ಬಂತು? ಅದಕ್ಕೆ ಅವನು ಬೆಳೆದ ಜಾಗ ನೋಡಬೇಕು.

1452ರ ಏಪ್ರಿಲ್ 15ರಂದು ಫ್ಲಾರೆನ್ಸ್‌ನಿಂದ ಒಂದು ದಿನದ ಹಾದಿಯಷ್ಟು ದೂರದ ವಿಂಚಿ ಎಂಬ ಊರಿನ ಬಳಿ ಅವನು ಹುಟ್ಟಿದ. ಅಪ್ಪ ಸೆರ್ ಪಿಯೆರೊ ಕ್ರಯಪತ್ರ, ವಿಲ್ ಮುಂತಾದವನ್ನು ಬರೆದುಕೊಡುವ ನೋಟರಿ. ಅಮ್ಮ ಕತೆರೀನಾ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಮದುವೆಯಾಚೆ ಹುಟ್ಟಿದ ಮಗನಿಗೆ ನೋಟರಿ ವೃತ್ತಿಯ ಬಾಗಿಲು ಮುಚ್ಚಿತ್ತು. ಲ್ಯಾಟಿನ್ ಕಲಿಸುವ ಶಾಲೆಗೂ ಅವನು ಕ್ರಮವಾಗಿ ಹೋಗಲಿಲ್ಲ. ದೊಡ್ಡವನಾದ ಮೇಲೆ ತನ್ನನ್ನು ತಾನೇ ಓದು ಬಾರದವನು ಎಂದು ಕರೆದುಕೊಂಡಿದ್ದಾನೆ. ಆ ಮಾತಿನಲ್ಲಿ ನಾಚಿಕೆಗಿಂತ ಸಿಟ್ಟು ಹೆಚ್ಚಿದೆ: ಪುಸ್ತಕದ ಮಾತನ್ನು ಗಿಣಿಯಂತೆ ಒಪ್ಪಿಸುವವರಿಗಿಂತ ಅನುಭವವನ್ನು ಗುರು ಮಾಡಿಕೊಂಡ ತಾನೇ ಮೇಲು ಎಂಬ ಹಟ.

ಹದಿನಾಲ್ಕರ ಆಸುಪಾಸಿನಲ್ಲಿ ಹುಡುಗ ಫ್ಲಾರೆನ್ಸ್‌ನ ಆಂಡ್ರೆಯಾ ವೆರೋಕ್ಯೊನ ಕಾರ್ಯಾಗಾರ ಸೇರಿದ. ಕಲಾವಿದನ ಸ್ಟುಡಿಯೊ ಎಂದರೆ ನಮ್ಮ ಕಣ್ಣಿಗೆ ಬರುವ ಶಾಂತ ಕೋಣೆಯಲ್ಲ ಅದು. ಬಣ್ಣ ಅರೆಯುವುದು, ಕಂಚು ಎರಕ ಹೊಯ್ಯುವುದು, ಚಿನ್ನದ ಕುಸುರಿ, ಮೆರವಣಿಗೆಗೆ ಬೇಕಾದ ವೇಷ ಎಲ್ಲ ಒಂದೇ ಸೂರಿನಡಿ. 1471ರಲ್ಲಿ ಫ್ಲಾರೆನ್ಸ್‌ನ ದೊಡ್ಡ ಚರ್ಚಿನ ಗುಮ್ಮಟದ ನೆತ್ತಿಗೆ ತಾಮ್ರದ ಬೃಹತ್ ಗೋಳ ಕೂರಿಸಿದ್ದು ಈ ಕಾರ್ಯಾಗಾರವೇ. ಅದರ ಬೆಸುಗೆಯ ವಿಚಾರವನ್ನು ಲಿಯೊನಾರ್ಡೊ ಮುದುಕನಾದ ಮೇಲೂ ಟಿಪ್ಪಣಿಯಲ್ಲಿ ನೆನೆಸಿಕೊಂಡಿದ್ದಾನೆ. ಆ ಗುಮ್ಮಟ ಕಟ್ಟಿದ್ದ ಬ್ರುನೆಲೆಸ್ಕಿ 1446ರಲ್ಲೇ ಸತ್ತಿದ್ದ. ಆದರೆ ಅವನು ಭಾರ ಎತ್ತಲು ರೂಪಿಸಿದ ಯಂತ್ರಗಳು ಊರಿನವರ ನೆನಪಿನಲ್ಲಿದ್ದವು. ಲಿಯೊನಾರ್ಡೊ ಅವುಗಳ ಚಿತ್ರ ಬರೆದುಕೊಂಡ. ಮುಂದೆ ಹಾಳೆಗಳು ಸಿಕ್ಕಾಗ ಅವೂ ಲಿಯೊನಾರ್ಡೊನ ಸ್ವಂತ ಆವಿಷ್ಕಾರಗಳು ಎಂದೇ ಬಹುಕಾಲ ನಂಬಿದ್ದರು!

ಇಲ್ಲಿದೆ ಸೂಕ್ಷ್ಮ. ಆ ಕಾಲದ ಇಟಲಿಯಲ್ಲಿ ಚಿತ್ರ ಬರೆಯಬಲ್ಲ ಎಂಜಿನಿಯರುಗಳ ಒಂದು ಪರಂಪರೆಯೇ ಇತ್ತು. ಸಿಯೆನಾದ ತಾಕ್ಕೊಲ, ಅದೇ ಊರಿನ ಫ್ರಾಂಚೆಸ್ಕೊ ಡಿ ಜಾರ್ಜೊ ಯಂತ್ರಗಳ ಚಿತ್ರಪುಸ್ತಕಗಳನ್ನೇ ಮಾಡಿದ್ದರು. ಫ್ರಾಂಚೆಸ್ಕೊನ ಪುಸ್ತಕದ ಒಂದು ಪ್ರತಿ ಲಿಯೊನಾರ್ಡೊ ಬಳಿ ಇತ್ತು, ಅದರ ಅಂಚಿನಲ್ಲಿ ಅವನ ಕೈಬರಹದ ಟಿಪ್ಪಣಿಗಳಿವೆ. 1490ರಲ್ಲಿ ಇಬ್ಬರೂ ಪಾವಿಯಾ ಊರಿನ ಚರ್ಚಿನ ಕೆಲಸಕ್ಕೆ ಸಲಹೆ ಕೊಡಲು ಹೋಗಿ ಭೇಟಿಯಾಗಿದ್ದರು. ಪ್ಯಾರಾಚೂಟಿನ ಚಿತ್ರವೂ ಅಷ್ಟೆ. ಹೆಸರು ಗೊತ್ತಿಲ್ಲದ ಇಟಲಿಯ ಎಂಜಿನಿಯರೊಬ್ಬ 1470ರ ದಶಕದಲ್ಲಿ, ಅಂದರೆ ಲಿಯೊನಾರ್ಡೊಗಿಂತ ಮೊದಲೇ, ಶಂಕುವಿನಾಕಾರದ ಬಟ್ಟೆ ಹಿಡಿದು ಇಳಿಯುವ ಮನುಷ್ಯನನ್ನು ಬರೆದಿದ್ದಾನೆ. ಆ ಹಸ್ತಪ್ರತಿ ಈಗ ಲಂಡನ್ನಿನಲ್ಲಿದೆ. ಒಬ್ಬನನ್ನೇ ಆಕಾಶಕ್ಕೆ ಏರಿಸಿದರೆ ಪಕ್ಕದಲ್ಲಿ ನಿಂತವರೆಲ್ಲ ಫೋಟೊದಿಂದ ಕತ್ತರಿಸಿ ಹೋಗುತ್ತಾರೆ.

ಮೂವತ್ತರ ಹೊತ್ತಿಗೆ ಲಿಯೊನಾರ್ಡೊ ಮಿಲಾನ್‌ಗೆ ಹೊರಟ. ಅಲ್ಲಿನ ಆಡಳಿತ ಹಿಡಿದಿದ್ದ ಲುಡೊವಿಕೊ ಸ್ಫೋರ್ಜಾಗೆ ಬರೆದ ಪತ್ರದ ಕರಡೊಂದು ಉಳಿದಿದೆ. ನಾನು ಓದಿದ ಕೆಲಸದ ಅರ್ಜಿಗಳಲ್ಲೇ ಇದು ಅತ್ಯಂತ ಧೈರ್ಯದ್ದು. ಅಂಶ ಒಂದು, ಎರಡು ಎಂದು ಸಂಖ್ಯೆ ಹಾಕಿ ಪಟ್ಟಿ ಮಾಡಿದ್ದಾನೆ: ಹಗುರವಾದ ಸೇತುವೆ ಕಟ್ಟಬಲ್ಲೆ, ಕೋಟೆಯ ಕಂದಕದ ನೀರು ಖಾಲಿ ಮಾಡಬಲ್ಲೆ, ಫಿರಂಗಿ ಮಾಡಬಲ್ಲೆ, ಶತ್ರುವಿನೊಳಕ್ಕೆ ನುಗ್ಗುವ ಮುಚ್ಚಿದ ರಥ ಮಾಡಬಲ್ಲೆ, ಸದ್ದಿಲ್ಲದೆ ಸುರಂಗ ತೋಡಬಲ್ಲೆ. ಕೊನೆಗೆ, ಶಾಂತಿಯ ಕಾಲ ಬಂದರೆ ಕಟ್ಟಡ ಕಟ್ಟಬಲ್ಲೆ, ಕಾಲುವೆ ತೋಡಬಲ್ಲೆ, ಶಿಲ್ಪ ಕಡೆಯಬಲ್ಲೆ, ಚಿತ್ರವನ್ನೂ ಯಾರಿಗೂ ಕಡಿಮೆಯಿಲ್ಲದಂತೆ ಬರೆಯಬಲ್ಲೆ ಎಂಬ ಬಾಲ. ತಮಾಷೆಯೆಂದರೆ, ಪಟ್ಟಿಯ ಕೊನೆಗಿದ್ದದ್ದೊಂದೇ ಅಷ್ಟು ಹೊತ್ತಿಗೆ ಅವನು ಮಾಡಿ ತೋರಿಸಿದ್ದು. ಅದರಲ್ಲೂ ಸನ್ಯಾಸಿಗಳ ಮಠವೊಂದಕ್ಕೆ 1481ರಲ್ಲಿ ಒಪ್ಪಿಕೊಂಡ ದೊಡ್ಡ ಚಿತ್ರವನ್ನು ಅರ್ಧಕ್ಕೇ ಬಿಟ್ಟು ಹೊರಟಿದ್ದ.

ಮಿಲಾನ್‌ನಲ್ಲಿ ಅವನಿಗೆ ಸಿಕ್ಕ ದೊಡ್ಡ ಕೆಲಸ, ಲುಡೊವಿಕೊನ ತಂದೆಯ ನೆನಪಿಗೆ ಕಂಚಿನ ಕುದುರೆ. ಎತ್ತರ ಏಳು ಮೀಟರಿಗೂ ಹೆಚ್ಚು. ಬೇಕಾಗಿದ್ದ ಕಂಚು ಸುಮಾರು 70 ಟನ್. ಅಷ್ಟು ದೊಡ್ಡದನ್ನು ತುಂಡು ತುಂಡಾಗಿ ಹೊಯ್ದು ಜೋಡಿಸುವುದು ವಾಡಿಕೆ. ಇವನು ಒಂದೇ ಎರಕದಲ್ಲಿ ಹೊಯ್ಯುತ್ತೇನೆಂದ. ಅಚ್ಚನ್ನು ಹೇಗೆ ಇಡಬೇಕು, ಕುಲುಮೆಗಳು ಎಲ್ಲೆಲ್ಲಿರಬೇಕು, ಕರಗಿದ ಲೋಹ ಯಾವ ದಾರಿಯಲ್ಲಿ ಹರಿಯಬೇಕು ಎಂದು ಪುಟಗಟ್ಟಲೆ ಬರೆದ. 1493ರಲ್ಲಿ ರಾಜಮನೆತನದ ಮದುವೆಯ ಹೊತ್ತಿಗೆ ಜೇಡಿಮಣ್ಣಿನ ಪೂರ್ಣ ಗಾತ್ರದ ಮಾದರಿ ನಿಂತಿತು, ಕವಿಗಳು ಹಾಡಿ ಹೊಗಳಿದರು. ಮರುವರ್ಷ ಫ್ರೆಂಚ್ ಸೇನೆ ಇಟಲಿಗೆ ಇಳಿಯಿತು. ಕೂಡಿಟ್ಟ ಕಂಚು ಫಿರಂಗಿ ಮಾಡಲೆಂದು ಫೆರಾರಾಕ್ಕೆ ಹೋಯಿತು. 1499ರಲ್ಲಿ ಮಿಲಾನ್ ಬಿದ್ದಾಗ ಫ್ರೆಂಚ್ ಬಿಲ್ಲುಗಾರರು ಮಣ್ಣಿನ ಕುದುರೆಯನ್ನು ಗುರಿ ಅಭ್ಯಾಸಕ್ಕೆ ಬಳಸಿಕೊಂಡರು. ಹತ್ತು ವರ್ಷಕ್ಕೂ ಮೀರಿದ ದುಡಿಮೆ ಹೀಗೆ ಮಣ್ಣಾಯಿತು. ಎರಕದ ಟಿಪ್ಪಣಿಗಳಿದ್ದ ಪುಸ್ತಕ ಮ್ಯಾಡ್ರಿಡ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ತಪ್ಪು ಕಪಾಟಿನಲ್ಲಿ ಕೂತಿತ್ತು. ಕಣ್ಣಿಗೆ ಬಿದ್ದದ್ದು 1960ರ ದಶಕದಲ್ಲಿ.

ಹಾಗಾದರೆ ನಿಜವಾಗಿ ತಿರುಗಿದ ಯಂತ್ರ ಯಾವುದೂ ಇಲ್ಲವೆ? ಇವೆ, ಆದರೆ ನಮ್ಮ ಜನರಲ್ ನಾಲೆಡ್ಜ್ ಪುಸ್ತಕಗಳು ಅವನ್ನು ಹೇಳುವುದೇ ಇಲ್ಲ. ಅವು ರಂಗದ ಯಂತ್ರಗಳು. 1490ರ ಜನವರಿ 13ರ ರಾತ್ರಿ ಮಿಲಾನ್ ಅರಮನೆಯಲ್ಲಿ ಒಂದು ನಾಟಕ ನಡೆಯಿತು. ಪರದೆ ಸರಿದಾಗ ಒಳಗೆಲ್ಲ ಚಿನ್ನ ಬಳಿದ ಅರ್ಧ ಮೊಟ್ಟೆಯಂಥ ಸ್ವರ್ಗ, ಅದರಲ್ಲಿ ನಕ್ಷತ್ರಗಳಂತೆ ದೀಪಗಳು, ಗ್ರಹಗಳ ವೇಷ ಹಾಕಿದ ನಟರು. ಅದರ ಸಜ್ಜಿಕೆ ಲಿಯೊನಾರ್ಡೊನದು. ಮುಪ್ಪಿನಲ್ಲಿ ಫ್ರಾನ್ಸ್ ದೊರೆ ಫ್ರಾನ್ಸಿಸ್‌ಗಾಗಿ ಯಂತ್ರದ ಸಿಂಹ ಮಾಡಿದ. ಅದು ನಾಲ್ಕು ಹೆಜ್ಜೆ ನಡೆದು ಬಂದು ಎದೆ ತೆರೆದಾಗ ಒಳಗೆ ಲಿಲಿ ಹೂಗಳಿದ್ದವಂತೆ. ಕಾಗದದಿಂದ ಎದ್ದು ಜನರ ಎದುರು ಚಲಿಸಿದ ಅವನ ಯಂತ್ರಗಳು ಹೆಚ್ಚಾಗಿ ಇಂಥವೇ. ಅವು ಆ ರಾತ್ರಿಯ ಚಪ್ಪಾಳೆಗೆ ಮಾಡಿದವು, ಬೆಳಗಾದರೆ ಬಿಚ್ಚಿಹಾಕುವಂಥವು.

ಯುದ್ಧದ ಯಂತ್ರಗಳು ಬೇರೆ ಕಥೆ. ಆಮೆ ಚಿಪ್ಪಿನಾಕಾರದ ಪ್ರಸಿದ್ಧ ಟ್ಯಾಂಕಿನ ಚಿತ್ರವನ್ನು ಗಮನವಿಟ್ಟು ನೋಡಿ. ಒಳಗಿನ ಹಲ್ಲುಚಕ್ರಗಳನ್ನು ಜೋಡಿಸಿದ ಕ್ರಮದಲ್ಲಿ ಮುಂದಿನ ಚಕ್ರಗಳು ಒಂದು ಕಡೆಗೆ ತಿರುಗಿದರೆ ಹಿಂದಿನವು ಇನ್ನೊಂದು ಕಡೆಗೆ ತಿರುಗುತ್ತವೆ. ಗಾಡಿ ನಿಂತಲ್ಲೇ ನಿಲ್ಲುತ್ತದೆ. ಕಳ್ಳರು ನಕಲು ಮಾಡದಿರಲೆಂದು ಬೇಕೆಂದೇ ಹೀಗೆ ಬರೆದ ಎನ್ನುವವರಿದ್ದಾರೆ. ನನಗೇನೋ ಅದು ಭಕ್ತರ ಸಮರ್ಥನೆಯಂತೆ ಕಾಣುತ್ತದೆ. ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಓದಬೇಕಾದಂತೆ ಬರೆದದ್ದನ್ನೂ ಗುಟ್ಟಿನ ಲಿಪಿ ಅನ್ನುತ್ತಾರೆ. ಅವನು ಎಡಗೈಯವನು, ಹಾಗೆ ಬರೆದರೆ ಹಸಿ ಶಾಯಿ ಅಂಗೈಗೆ ಮೆತ್ತುವುದಿಲ್ಲ. ಕನ್ನಡಿ ಹಿಡಿದ ಯಾರು ಬೇಕಾದರೂ ಓದಬಹುದಾದ ಲಿಪಿಯಲ್ಲಿ ಎಂಥ ಗುಟ್ಟು?

ಹೆಲಿಕಾಪ್ಟರ್ ಎನ್ನುವುದು ತಿರುಪಿನಾಕಾರದ, ಗಂಜಿ ಹಾಕಿದ ಬಟ್ಟೆಯ ಒಂದು ಸಾಧನ. 1480ರ ದಶಕದ ಕೊನೆಯ ಚಿತ್ರ. ನೀರಿನಲ್ಲಿ ತಿರುಪು ಕೊರೆದುಕೊಂಡು ಹೋಗುವಂತೆ ಗಾಳಿಯಲ್ಲೂ ಹೋಗಬಹುದು ಎಂಬುದು ಎಣಿಕೆ. ಅದನ್ನು ತಿರುಗಿಸಲು ಎಂಜಿನ್ ಇರಲಿಲ್ಲ, ಮನುಷ್ಯರ ರಟ್ಟೆ ಸಾಲದು. ಚಿತ್ರದ ಪಕ್ಕದ ಟಿಪ್ಪಣಿಯೇ ನನಗೆ ಚಿತ್ರಕ್ಕಿಂತ ದೊಡ್ಡದೆನಿಸುತ್ತದೆ. ಇದನ್ನು ಮೊದಲು ಕಾಗದದಲ್ಲಿ ಚಿಕ್ಕದಾಗಿ ಮಾಡಿ, ತೆಳು ಉಕ್ಕಿನ ತಂತಿಯನ್ನು ಹುರಿಗೊಳಿಸಿ ಬಿಟ್ಟು ನೋಡಬಹುದು ಎಂಬರ್ಥದ ಮಾತು ಅಲ್ಲಿದೆ. ರೆಕ್ಕೆ ಬಡಿಯುವ ಯಂತ್ರದ ಬಗ್ಗೆ ಬರೆಯುವಾಗಲೂ ಹಾಗೆಯೇ. ಕೆರೆಯ ಮೇಲೆ ಹಾರಿ ಪರೀಕ್ಷಿಸು, ಬಿದ್ದರೆ ಮುಳುಗದಂತೆ ಗಾಳಿ ತುಂಬಿದ ತೊಗಲ ಚೀಲ ಸೊಂಟಕ್ಕೆ ಕಟ್ಟಿಕೋ ಎನ್ನುತ್ತಾನೆ. 1505ರ ಹೊತ್ತಿಗೆ ಹಕ್ಕಿಗಳ ಹಾರಾಟದ ಬಗ್ಗೆ ಇಡೀ ಪುಸ್ತಕವನ್ನೇ ಬರೆದಾಗ ಬಡಿತಕ್ಕಿಂತ ತೇಲುವಿಕೆಯ ಕಡೆಗೆ, ಹದ್ದು ರೆಕ್ಕೆ ಅಲುಗಿಸದೆ ಗಾಳಿಯಲ್ಲಿ ಮೇಲೇರುವ ಬಗೆಯ ಕಡೆಗೆ ಅವನ ಲಕ್ಷ್ಯ ವಾಲಿತ್ತು.

ಪ್ಯಾರಾಚೂಟನ್ನು ಮಾತ್ರ ಒಬ್ಬರು ನಿಜಕ್ಕೂ ಪರೀಕ್ಷಿಸಿದರು. 2000ನೇ ಇಸವಿಯ ಜೂನ್‌ನಲ್ಲಿ ಬ್ರಿಟನ್ನಿನ ಏಡ್ರಿಯನ್ ನಿಕೋಲಸ್ ಎಂಬಾತ ದಕ್ಷಿಣ ಆಫ್ರಿಕಾದಲ್ಲಿ ಸುಮಾರು 3000 ಮೀಟರ್ ಎತ್ತರದಿಂದ ಮರ ಮತ್ತು ಕ್ಯಾನ್ವಾಸಿನಲ್ಲಿ ಲಿಯೊನಾರ್ಡೊನ ಅಳತೆಗೆ ಮಾಡಿದ ಪಿರಮಿಡ್ ಹಿಡಿದು ಇಳಿದ. ಅಲುಗಾಡದೆ ಇಳಿಯಿತು. ಆದರೆ ಅದರ ತೂಕ ಸುಮಾರು 85 ಕಿಲೊ. ನೆಲಕ್ಕೆ ಬಿದ್ದಾಗ ಅದು ತನ್ನ ತಲೆಯ ಮೇಲೇ ಬಂದೀತೆಂದು ಆತ ನಡುವೆ ಅದನ್ನು ಕಳಚಿ ಆಧುನಿಕ ಪ್ಯಾರಾಚೂಟ್ ಬಿಚ್ಚಿ ನೆಲ ಮುಟ್ಟಿದ. ತಲೆಬರಹ ಬರೆಯುವವರು ಮೊದಲರ್ಧವನ್ನೇ ಬರೆದರು. ಅದು ನಮ್ಮ ವೃತ್ತಿಯ ಹಳೇ ರೋಗ.

ನೀರಿನ ವಿಚಾರಕ್ಕೆ ಬಂದರೆ ಅವನು ಕೈ ಕೆಸರು ಮಾಡಿಕೊಂಡವನು. 1502ರಲ್ಲಿ ಚೆಸರೆ ಬೋರ್ಜಿಯಾ ಎಂಬ ಕ್ರೂರ ಸೇನಾನಾಯಕನ ಬಳಿ ಎಂಜಿನಿಯರ್ ಆಗಿ ಸೇರಿ ಊರೂರು ತಿರುಗಿದ. ಇಮೋಲಾ ಪಟ್ಟಣದ ನಕ್ಷೆ ಆಗಿನದು. ನಕ್ಷೆಯೆಂದರೆ ಬೆಟ್ಟದ ಮೇಲೆ ನಿಂತು ಕಂಡಂತೆ ಓರೆಯಾಗಿ ಊರು ಬರೆಯುತ್ತಿದ್ದ ಕಾಲವದು. ಇವನು ಬೀದಿಗಳನ್ನು ಅಳೆದು, ನೆತ್ತಿಯ ನೇರದಿಂದ ಇಡೀ ಪಟ್ಟಣ ಕಾಣುವಂತೆ ಬರೆದ. ಇವತ್ತು ಫೋನಿನಲ್ಲಿ ನಾವು ನೋಡುವ ನಕ್ಷೆಯ ಪಕ್ಕ ಇಟ್ಟರೂ ನಾಚುವ ಹಾಗಿಲ್ಲ. ಸೇನೆಗೆ ಬೇಕಾದದ್ದೂ ಅದೇ ಆಗಿತ್ತು ಎಂಬುದನ್ನು ಮರೆಯಬಾರದು.

ಅದರ ಮರುವರ್ಷವೇ ಫ್ಲಾರೆನ್ಸ್‌ನವರು ಶತ್ರು ನಗರ ಪೀಸಾಕ್ಕೆ ನೀರು ತಪ್ಪಿಸಲು ಆರ್ನೊ ನದಿಯನ್ನೇ ಬೇರೆಡೆ ತಿರುಗಿಸುವ ಯೋಜನೆ ಹಾಕಿದರು. ಅದರ ಹಿಂದೆ ನಿಂತ ಅಧಿಕಾರಿ ಮ್ಯಾಕಿಯವೆಲ್ಲಿ, ಸ್ಥಳ ನೋಡಿ ಬಂದವನು ಲಿಯೊನಾರ್ಡೊ. ಎಷ್ಟು ಮಣ್ಣು ತೆಗೆಯಬೇಕು, ಎಷ್ಟು ಆಳು ಬೇಕು ಎಂದು ಲೆಕ್ಕ ಹಾಕಿದ, ಅಗೆಯುವ ಯಂತ್ರದ ಚಿತ್ರ ಬರೆದ. 1504ರ ಆಗಸ್ಟ್‌ನಲ್ಲಿ ಕೆಲಸ ಶುರುವಾದಾಗ ಉಸ್ತುವಾರಿ ಬೇರೊಬ್ಬ ಎಂಜಿನಿಯರಿಗೆ ಹೋಗಿತ್ತು. ಕಾಲುವೆ ಬೇಕಾದಷ್ಟು ಆಳ ಹೋಗಲಿಲ್ಲ. ನದಿಯ ತಳಕ್ಕಿಂತ ಕಾಲುವೆಯ ತಳ ಮೇಲಿದ್ದರೆ ನೀರು ಯಾಕೆ ತಿರುಗೀತು? ಬಿರುಗಾಳಿ ಮಳೆಗೆ ದಂಡೆ ಕುಸಿಯಿತು, ಅಕ್ಟೋಬರಿನಲ್ಲಿ ಎಲ್ಲ ಕೈಬಿಟ್ಟರು. ಇಂಥ ನೀರಾವರಿ ಕಾಮಗಾರಿಗಳನ್ನು ವರದಿ ಮಾಡಿದ ನನ್ನಂಥವರಿಗೆ ಈ ಕಥೆಯ ಯಾವ ಸಾಲೂ ಹೊಸತೆನಿಸದು.

ಅದೇ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ನ ಸುಲ್ತಾನ ಎರಡನೇ ಬಯಾಜಿದ್‌ಗೆ ಒಂದು ಸೇತುವೆಯ ಪ್ರಸ್ತಾವ ಕಳಿಸಿದ್ದ. ನಡುವೆ ಕಂಬವಿಲ್ಲದ ಒಂದೇ ಕಮಾನು, ಅಡಿಯಲ್ಲಿ ಹಾಯಿ ಬಿಚ್ಚಿದ ಹಡಗು ಹೋಗುವಷ್ಟು ಎತ್ತರ. ಸುಲ್ತಾನ ಒಪ್ಪಲಿಲ್ಲ. 2019ರಲ್ಲಿ ಅಮೆರಿಕದ ಎಂಐಟಿಯವರು ಇದರ ಸಣ್ಣ ಮಾದರಿಯನ್ನು ಗಾರೆ, ಮೊಳೆ ಏನೂ ಇಲ್ಲದೆ ಬರೀ ತುಂಡುಗಳನ್ನು ಜೋಡಿಸಿ ನಿಲ್ಲಿಸಿದರು. ಕಟ್ಟಿದ್ದರೆ ಸುಮಾರು 280 ಮೀಟರ್ ಉದ್ದದ ಆ ಕಲ್ಲಿನ ಸೇತುವೆ ನಿಲ್ಲುತ್ತಿತ್ತು ಎಂದರು. ಅವನ ಖಾತೆಗೆ ಧೈರ್ಯವಾಗಿ ಜಮಾ ಮಾಡಬಹುದಾದ ಒಂದು ಇದು.

ಚಿತ್ರಕಲೆಯ ಮಾತು ಇಲ್ಲಿ ಚಿಕ್ಕದಾಗಿ ಸಾಕು, ಅದನ್ನು ಬರೆದವರು ಬಹಳ ಜನ. ಅವನದೇ ಎಂದು ಒಮ್ಮತವಿರುವ ವರ್ಣಚಿತ್ರಗಳು ಇಪ್ಪತ್ತನ್ನೂ ಮುಟ್ಟುವುದಿಲ್ಲ. ಆದರೆ 'ಕೊನೆಯ ಭೋಜನ'ದ ಗೋಡೆಯ ವಿಷಯ ಹೇಳದೆ ಮುಂದೆ ಹೋಗಲಾಗದು, ಯಾಕೆಂದರೆ ಅದೂ ಒಂದು ಆವಿಷ್ಕಾರವೇ, ಸೋತ ಆವಿಷ್ಕಾರ. ಹಸಿ ಗಾರೆಯ ಮೇಲೆ ಬಣ್ಣ ಹಚ್ಚಿದರೆ ಗೋಡೆಯೇ ಬಣ್ಣ ಹೀರಿಕೊಂಡು ಶತಮಾನಗಟ್ಟಲೆ ಉಳಿಯುತ್ತದೆ. ಆದರೆ ಗಾರೆ ಒಣಗುವುದರೊಳಗೆ ಬರೆದು ಮುಗಿಸಬೇಕು, ತಿದ್ದುವಂತಿಲ್ಲ. ಲಿಯೊನಾರ್ಡೊ ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಊಟ ಮರೆತು ಬರೆಯುತ್ತಿದ್ದ, ಕೆಲವು ದಿನ ಬಂದು ಎರಡೇ ಗೆರೆ ಎಳೆದು ಹೋಗುತ್ತಿದ್ದ ಎಂದು ಕಣ್ಣಾರೆ ಕಂಡವನೊಬ್ಬ ಬರೆದಿಟ್ಟಿದ್ದಾನೆ. ಅಂಥವನಿಗೆ ಹಸಿ ಗಾರೆ ಒಗ್ಗುವುದು ಹೇಗೆ? ಒಣ ಗೋಡೆಯ ಮೇಲೆ ತನ್ನದೇ ಮಿಶ್ರಣ ಹಚ್ಚಿದ. 1498ರಲ್ಲಿ ಮುಗಿದದ್ದು, ಅವನು ಬದುಕಿದ್ದಾಗಲೇ ಚಕ್ಕೆ ಏಳತೊಡಗಿತು. 1652ರಲ್ಲಿ ಬಾಗಿಲಿಡಲು ಗೋಡೆ ಒಡೆದು ಕ್ರಿಸ್ತನ ಪಾದಗಳನ್ನೇ ಕತ್ತರಿಸಿದರು. 1943ರ ಬಾಂಬ್ ದಾಳಿಯಲ್ಲಿ ಚಾವಣಿ ಉರುಳಿದರೂ ಮರಳಿನ ಮೂಟೆಗಳ ಹಿಂದಿದ್ದ ಆ ಗೋಡೆ ನಿಂತಿತು. ಇಪ್ಪತ್ತಕ್ಕೂ ಹೆಚ್ಚು ವರ್ಷದ ದುರಸ್ತಿ 1999ರಲ್ಲಿ ಮುಗಿಯಿತು.

ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದೇನು? ನನ್ನ ಲೆಕ್ಕದಲ್ಲಿ ಉಳಿಯುವುದು ಆಸ್ಪತ್ರೆಯ ಒಂದು ರಾತ್ರಿ.

1507-08ರ ಚಳಿಗಾಲ, ಫ್ಲಾರೆನ್ಸ್‌ನ ಸಾಂತಾ ಮರಿಯಾ ನುವೋವಾ ಆಸ್ಪತ್ರೆ. ಒಬ್ಬ ಮುದುಕ ಮಂಚದ ಮೇಲೆ ಕೂತಿದ್ದಾನೆ. ನನಗೆ ನೂರು ದಾಟಿದೆ, ನಿಶ್ಶಕ್ತಿ ಬಿಟ್ಟರೆ ಮೈಯಲ್ಲಿ ಬೇರೇನೂ ತೊಂದರೆಯಿಲ್ಲ ಎಂದು ಲಿಯೊನಾರ್ಡೊ ಜತೆ ಮಾತಾಡುತ್ತಾನೆ. ಕೆಲವು ಗಂಟೆಗಳಲ್ಲಿ ಕೂತಲ್ಲೇ, ಒದ್ದಾಡದೆ ಪ್ರಾಣ ಬಿಡುತ್ತಾನೆ. ಇಷ್ಟು ಸುಖದ ಸಾವಿಗೆ ಕಾರಣವೇನೆಂದು ನೋಡಲು ಲಿಯೊನಾರ್ಡೊ ದೇಹ ಕೊಯ್ಯುತ್ತಾನೆ. ಹೃದಯಕ್ಕೆ ರಕ್ತ ಒಯ್ಯುವ ನಾಳ ಬತ್ತಿ, ಕುಗ್ಗಿ, ಒಣಗಿದೆ. ಯಕೃತ್ತು ಒಣಗಿ ಗಟ್ಟಿಯಾಗಿದೆ. ಎರಡು ವರ್ಷದ ಮಗುವಿನ ದೇಹದ ಜತೆ ಹೋಲಿಸುತ್ತಾನೆ. ಅಲ್ಲಿ ಎಲ್ಲವೂ ಇದಕ್ಕೆ ತಿರುಗುಮುರುಗು. ವಯಸ್ಸಾದಂತೆ ರಕ್ತನಾಳದ ಗೋಡೆ ದಪ್ಪವಾಗಿ ದಾರಿ ಕಿರಿದಾಗುತ್ತದೆ ಎಂಬ ಈ ವಿವರಣೆ, ಇವತ್ತು ಮನೆಮನೆಯಲ್ಲಿ ಬ್ಲಾಕ್ ಆಗಿದೆ ಎಂದು ನಾವು ಹೇಳುವ ಕಾಯಿಲೆಯ ಮೊದಲ ದಾಖಲೆಗಳಲ್ಲೊಂದು. ಸಾಯುವ ಮುಂಚಿನ ಸಂದರ್ಶನ, ಸತ್ತ ಮೇಲಿನ ತನಿಖೆ, ಹೋಲಿಕೆಗೆ ಎರಡನೇ ದೇಹ: ವರದಿಗಾರಿಕೆ ಎಂದರೆ ಇದಲ್ಲದೆ ಇನ್ನೇನು?

ಮುಂದೆ ಎತ್ತಿನ ಹೃದಯಕ್ಕೆ ಕರಗಿದ ಮೇಣ ಸುರಿದು ಒಳಗಿನ ಆಕಾರ ತೆಗೆದ. ಆ ಅಚ್ಚಿನಿಂದ ಗಾಜಿನ ಮಾದರಿ ಮಾಡಿ, ಹುಲ್ಲಿನ ಬೀಜ ಬೆರೆಸಿದ ನೀರು ಹರಿಸಿ ಬೀಜಗಳು ಸುಳಿಯುವುದನ್ನು ನೋಡುವ ಪ್ರಯೋಗ ರೂಪಿಸಿದ. ಹೃದಯದಿಂದ ಹೊರಡುವ ಮಹಾಅಪಧಮನಿಯ ಬುಡದಲ್ಲಿ ಉಬ್ಬುಗಳಿವೆ. ರಕ್ತ ಅಲ್ಲಿ ಸುಳಿಯಾಗಿ ತಿರುಗಿ ಕವಾಟದ ಎಸಳುಗಳನ್ನು ಮುಚ್ಚುತ್ತದೆ ಎಂದು ಬರೆದ. ಹೊಳೆಯ ಸುಳಿಗಳನ್ನು ವರ್ಷಗಟ್ಟಲೆ ನೋಡಿದವನಿಗೆ ಮಾತ್ರ ಹೊಳೆಯುವ ಮಾತಿದು. ಅದು ಸರಿಯೆಂದು ಪ್ರಯೋಗದಿಂದ ತೋರಿಸಿದ್ದು 1960ರ ದಶಕದಲ್ಲಿ, ಆಕ್ಸ್‌ಫರ್ಡ್‌ನಲ್ಲಿ. ತಪ್ಪುಗಳೂ ಇದ್ದವು. ಗರ್ಭಕೋಶದೊಳಗಿನ ಮಗುವಿನ ಅವನ ಪ್ರಸಿದ್ಧ ಚಿತ್ರದಲ್ಲಿ ಮಾಸು ಹಸುವಿನದು. ರಕ್ತ ಮೈಯೆಲ್ಲ ಸುತ್ತಿ ವಾಪಸು ಬರುತ್ತದೆಂಬುದು ಅವನಿಗೆ ಕೊನೆಗೂ ಹೊಳೆಯಲಿಲ್ಲ. ಅದನ್ನು ವಿಲಿಯಂ ಹಾರ್ವಿ 1628ರಲ್ಲಿ ಹೇಳಬೇಕಾಯಿತು.

ಪಾವಿಯಾ ವಿಶ್ವವಿದ್ಯಾಲಯದ ಮಾರ್ಕಂತೋನಿಯೊ ಡೆಲ್ಲಾ ತೋರೆ ಎಂಬ ಯುವ ವೈದ್ಯನ ಜತೆ ಅವನ ಅಂಗರಚನೆಯ ಕೆಲಸ ಭರದಿಂದ ಸಾಗಿತ್ತು. 1511ರಲ್ಲಿ ಆ ವೈದ್ಯ ಪ್ಲೇಗಿಗೆ ಬಲಿಯಾದ. ಪುಸ್ತಕ ಆಗಲೇ ಇಲ್ಲ. 1543ರಲ್ಲಿ ವೆಸಾಲಿಯಸ್‌ನ ದೊಡ್ಡ ಪುಸ್ತಕ ಅಚ್ಚಾಗಿ ಶರೀರಶಾಸ್ತ್ರದ ದಾರಿ ಬದಲಾಯಿತು. ಲಿಯೊನಾರ್ಡೊನ ಹಾಳೆಗಳು ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಪೆಟ್ಟಿಗೆ ಸೇರಿ, ಮುದ್ರಣ ಕಂಡದ್ದು 1900ರ ಆಸುಪಾಸಿಗೆ. ಮುದ್ರಣಯಂತ್ರ ಇಲ್ಲದ ಕಾಲವೇನೂ ಅದಲ್ಲ. ಅವನ ಗೆಳೆಯ, ಗಣಿತದ ಪಾದ್ರಿ ಲೂಕಾ ಪಚೋಲಿ 1509ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಪುಸ್ತಕಕ್ಕೆ ಇವನೇ ಚಿತ್ರ ಬರೆದುಕೊಟ್ಟಿದ್ದ. ತನ್ನದನ್ನು ಮಾತ್ರ ಅಚ್ಚಿಗೆ ಕೊಡಲಿಲ್ಲ. ಇನ್ನೂ ನೋಡುವುದಿದೆ, ಇನ್ನೊಂದು ದೇಹ, ಇನ್ನೊಂದು ಹಕ್ಕಿ. ಮರಕುಟಿಗದ ನಾಲಿಗೆ ಹೇಗಿದೆ ನೋಡಬೇಕು ಎಂಬುದೂ ಅವನ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿತ್ತು. ನನ್ನ ಮನೆಯ ಅಟ್ಟದಲ್ಲೂ ಹನ್ನೆರಡು ವರ್ಷದ ಡೈರಿಗಳಿವೆ. ಡೆಸ್ಕ್‌ನವರು ಹಾಕಿದ್ದು ಅದರಲ್ಲಿ ನೂರರಲ್ಲೊಂದು. ಬರೆದಿಟ್ಟದ್ದು ಬೇರೆ, ಜನರಿಗೆ ಮುಟ್ಟಿದ್ದು ಬೇರೆ ಎಂಬುದು ನಮಗೆ ಅನ್ನದ ಪ್ರಶ್ನೆ. ಅವನಿಗೆ ಅದು ಯಾಕೋ ಕಾಡಲೇ ಇಲ್ಲ.

1517ರ ಅಕ್ಟೋಬರಿನಲ್ಲಿ ಫ್ರಾನ್ಸ್‌ನ ಅಂಬ್ವಾಜ್‌ನಲ್ಲಿದ್ದ ಅವನನ್ನು ನೋಡಲು ಇಟಲಿಯ ಒಬ್ಬ ಕಾರ್ಡಿನಲ್ ಬಂದ. ಜತೆಗಿದ್ದ ಕಾರ್ಯದರ್ಶಿ ಅಂತೋನಿಯೊ ದೆ ಬಿಯಾತಿಸ್ ದಿನಚರಿ ಬರೆಯುತ್ತಿದ್ದ. ಮುದುಕನ ಬಲಗೈಗೆ ಲಕ್ವ ಹೊಡೆದಿದೆ, ಮೂವತ್ತಕ್ಕೂ ಹೆಚ್ಚು ದೇಹ ಕೊಯ್ದು ನೋಡಿದ್ದಾಗಿ ಹೇಳಿದ, ಯಂತ್ರ, ನೀರು ಇತ್ಯಾದಿ ಬಗ್ಗೆ ಆಡುಮಾತಿನಲ್ಲಿ ಬರೆದ ಸಂಪುಟಗಳಿಗೆ ಲೆಕ್ಕವಿಲ್ಲ, ಬೆಳಕಿಗೆ ಬಂದರೆ ಬಹಳ ಉಪಯೋಗವಾದೀತು ಎಂದು ದಾಖಲಿಸಿದ. ಒಂದೂವರೆ ವರ್ಷದಲ್ಲಿ, 1519ರ ಮೇ 2ರಂದು, ಲಿಯೊನಾರ್ಡೊ ತೀರಿಕೊಂಡ. ಹಾಳೆಗಳು ಶಿಷ್ಯ ಫ್ರಾಂಚೆಸ್ಕೊ ಮೆಲ್ಸಿಗೆ ಬಂದವು. ಅವನು ಐವತ್ತು ವರ್ಷ ಜೋಪಾನ ಮಾಡಿದ, ಚಿತ್ರಕಲೆಯ ಭಾಗವನ್ನು ಆರಿಸಿ ಸೇರಿಸಿದ, ಅದೂ ಅಚ್ಚಾದದ್ದು 1651ರಲ್ಲಿ. ಮೆಲ್ಸಿ ಸತ್ತ ಮೇಲೆ ಮನೆಯವರಿಗೆ ಅದು ಹಳೇ ಕಾಗದ. ಬಂದವರು ಒಯ್ದರು, ಲಿಯೊನಿ ಕತ್ತರಿ ಆಡಿಸಿದ, 1796ರಲ್ಲಿ ನೆಪೋಲಿಯನ್ ಪ್ಯಾರಿಸ್‌ಗೆ ಸಾಗಿಸಿದ, ಒಂದಷ್ಟು ವಾಪಸು ಬಂದವು, ಒಂದಷ್ಟು ಬರಲಿಲ್ಲ. ಒಂದು ಸಂಪುಟವನ್ನು 1994ರಲ್ಲಿ ಬಿಲ್ ಗೇಟ್ಸ್ 3 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡರು. ಎಲ್ಲ ಸೇರಿ ಉಳಿದಿರುವುದೇ ಸುಮಾರು ಏಳು ಸಾವಿರ ಪುಟ.

ಅದರಲ್ಲಿ ಒಂದು ಪುಟ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 1493ರದು. ಪುಸ್ತಕದ ಅಳತೆ 92 ಮಿಲಿಮೀಟರಿಗೆ 63, ಅಂಗಿ ಜೇಬಿಗೆ ಸಲೀಸಾಗಿ ಹೋಗುತ್ತದೆ. ಪುಟದ ಮೇಲ್ಭಾಗದಲ್ಲಿ ಮಾಸಿದ ಒಬ್ಬ ಮುದುಕಿಯ ಮುಖ. ಮ್ಯೂಸಿಯಂನ ನಿರ್ದೇಶಕರೊಬ್ಬರು 1920ರ ದಶಕದಲ್ಲಿ ಆ ಮುಖದ ಬಗ್ಗೆ ಆಸೆಯಿಂದ ಬರೆದು, ಕೆಳಗೆ ಕೆಂಪು ಸೀಮೆಸುಣ್ಣದಲ್ಲಿ ಗೀಚಿದ್ದನ್ನು ಸಂಬಂಧವಿಲ್ಲದ ಟಿಪ್ಪಣಿ ಎಂದು ತಳ್ಳಿಹಾಕಿದ್ದರು. ಕೇಂಬ್ರಿಜ್‌ನ ಪ್ರಾಧ್ಯಾಪಕ ಇಯಾನ್ ಹಚಿಂಗ್ಸ್ 2016ರಲ್ಲಿ ಆ ಗೀಚನ್ನು ಓದಿ ಹೇಳಿದರು: ಸಾಲಾಗಿಟ್ಟ ಮರದ ತುಂಡುಗಳು, ರಾಟೆಯ ಮೇಲೆ ಹಾದು ತೂಗುವ ಭಾರ, ಅವನ್ನು ಎಳೆಯುವ ಹಗ್ಗ. ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಎಳೆದರೂ, ಒಂದರ ಪಕ್ಕ ಒಂದು ಇಟ್ಟು ಎಳೆದರೂ ಬೇಕಾದ ಬಲ ಅಷ್ಟೇ. ಘರ್ಷಣೆ ಭಾರಕ್ಕೆ ತಕ್ಕಂತೆ ಹೆಚ್ಚುತ್ತದೆ, ಒತ್ತಿದ ಜಾಗದ ಅಗಲಕ್ಕೆ ತಕ್ಕಂತೆ ಅಲ್ಲ. ಪಿಯುಸಿ ಭೌತಶಾಸ್ತ್ರದಲ್ಲಿ ನಾವು ಓದುವ ಈ ನಿಯಮ ಫ್ರಾನ್ಸ್‌ನ ಆಮೊಂಟೊನ್ 1699ರಲ್ಲಿ ಪ್ರಕಟಿಸಿದ್ದರಿಂದ ಅವನ ಹೆಸರಿನಲ್ಲಿದೆ. ಹೆಲಿಕಾಪ್ಟರ್ ಚಿತ್ರ ಟೀ ಶರ್ಟುಗಳ ಮೇಲೆಲ್ಲ ಸಿಗುತ್ತದೆ. ಈ ಜೇಬು ಪುಸ್ತಕದ ಪುಟವನ್ನು ಯಾವ ಸಾಮಾನ್ಯ ಜ್ಞಾನದ ಪುಸ್ತಕದಲ್ಲೂ ನಾನು ಇನ್ನೂ ಕಂಡಿಲ್ಲ.